ಅಣ್ಣವಸ್ತ್ರ ನೀತಿ

ನನ್ನ ಚಿಕ್ಕಪ್ಪ ಯಾವ ಪುಸ್ತಕವನ್ನೂ ಮೊದಲಿನಿಂದ ಕೊನೆಯವರೆಗೆ ಓದಿದವನಲ್ಲ. ಹಾಗೆಂದು ನಮ್ಮ ಗ್ರಂಥಾಲಯದಲ್ಲಿ ಅವನು ಓದದ ಪುಸ್ತಕವೂ ಇಲ್ಲ. ಅವನು ಅಲ್ಲಿನ ಬೈಂಡರ್. ಬೆನ್ನು ಮುರಿದ ಪುಸ್ತಕ ಕೈಗೆ ಬಂದರೆ ಮೊದಲು ಹಳೆಯ ದಾರ ಕತ್ತರಿಸಿ, ಹದಿನಾರು ಪುಟಗಳ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ತುಂಬ ಹರಡುತ್ತಾನೆ. ಯಾವ ಮಡಿಕೆ ಕಣ್ಣಿಗೆ ಬಿತ್ತೋ ಅಲ್ಲಿಂದ ಓದು ಶುರು. ಒಂದು ವಾಕ್ಯದ ನಡುವೆ ಹತ್ತಿ ಇನ್ನೊಂದು ವಾಕ್ಯದ ನಡುವೆ ಇಳಿದುಬಿಡುತ್ತಾನೆ. ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆಗಾರ ಯಾರೆಂದು ಅವನಿಗೆ ಗೊತ್ತಿರುತ್ತದೆ, ಸತ್ತವರು ಯಾರೆಂದು ಗೊತ್ತಿರುವುದಿಲ್ಲ.

ಅದೇ ಗ್ರಂಥಾಲಯದ ಕೌಂಟರಿನಲ್ಲಿ ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತುತ್ತ ಕೂರುವವಳು ನಾನು. ಮಧ್ಯಾಹ್ನ ಓದುಗರೆಲ್ಲ ತೂಕಡಿಸಲು ಶುರುಮಾಡಿದ ಮೇಲೆ ಎರಡು ಲೋಟ ಚಹಾ ಹಿಡಿದು ಹಿಂದಿನ ಬೈಂಡಿಂಗ್ ಕೋಣೆಗೆ ಹೋಗುತ್ತೇನೆ. ಅಲ್ಲಿ ಎತ್ತರದ ಒಂದೇ ಕಿಟಕಿ. ಅದರಿಂದ ಇಳಿದ ಬಿಸಿಲಿನಲ್ಲಿ ಕಾಗದದ ಧೂಳು ಮೆಲ್ಲಗೆ ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುತ್ತಿರುತ್ತದೆ. ಕುದಿಸಿದ ಅಂಟಿನ ವಾಸನೆ, ರಟ್ಟಿನ ವಾಸನೆ, ಒತ್ತುಯಂತ್ರದ ಎಣ್ಣೆಯ ವಾಸನೆ. ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ನನಗೂ ನಾನು ಎಲ್ಲಿದ್ದೇನೆಂಬುದು ಮರೆತುಹೋಗುತ್ತದೆ. ಚಿಕ್ಕಪ್ಪನಂತೂ ಕೈಯಲ್ಲಿ ದಬ್ಬಣ ಹಿಡಿದುಕೊಂಡೇ ಎಲ್ಲಿಗೋ ಹೋಗಿರುತ್ತಾನೆ. ಗ್ರಂಥಾಲಯದವರೆಲ್ಲ ಅವನನ್ನು ಗೋಂದಪ್ಪ ಎನ್ನುತ್ತಾರೆ. ಅವನ ಕೈಗೆ ಸದಾ ಗೋಂದು ಮೆತ್ತಿಕೊಂಡಿರುತ್ತದೆ ಎಂಬುದೊಂದು ಕಾರಣ, ನಿಂತ ಕಡೆಯೇ ಅಂಟಿಕೊಂಡುಬಿಡುತ್ತಾನೆ ಎಂಬುದು ಇನ್ನೊಂದು. ರಸ್ತೆ ದಾಟುವಾಗ ನಡುವೆ ನಿಂತು ಮೋಡ ನೋಡಿದವನು ಇವನೊಬ್ಬನೇ ಇರಬೇಕು.

ಚಿಕ್ಕಪ್ಪ ನಮ್ಮ ಮನೆಯ ಮಹಡಿಯ ಮೇಲಿನ ಒಂದು ಕೋಣೆಯಲ್ಲಿದ್ದಾನೆ. ಮದುವೆಯಾಗಲಿಲ್ಲ. ಕೆಳಗೆ ಅಪ್ಪ, ಅಮ್ಮ, ನಾನು. ಅಪ್ಪ ಟೇಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಣ್ಣ ಬಟ್ಟೆ ಹೊಲಿಯುತ್ತಾನೆ, ತಮ್ಮ ಪುಸ್ತಕ ಹೊಲಿಯುತ್ತಾನೆ. ಅಂಗಡಿಯಲ್ಲಿ ಉಳಿದ ತುಂಡುಬಟ್ಟೆಯೆಲ್ಲ ಗ್ರಂಥಾಲಯಕ್ಕೆ ಹೋಗಿ ಪುಸ್ತಕಗಳ ಬೆನ್ನಿಗೆ ಕೂರುತ್ತದೆ. ನಮ್ಮ ಅರ್ಥಶಾಸ್ತ್ರದ ಕಪಾಟಿನಲ್ಲಿ ಯಾರದೋ ಮದುವೆಯ ಸೂಟು ಇದೆ, ತತ್ವಶಾಸ್ತ್ರದಲ್ಲಿ ಒಬ್ಬ ಪೊಲೀಸಿನವನ ಪ್ಯಾಂಟಿದೆ. ಇಷ್ಟೆಲ್ಲ ಕೊಡುಕೊಳ್ಳುವಿಕೆ ಇದ್ದ ಅಣ್ಣತಮ್ಮಂದಿರು ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ.

ಜಗಳವಾಡಿಕೊಂಡಿದ್ದರೆ ಇಷ್ಟು ಹೊತ್ತಿಗೆ ಮುಗಿದುಹೋಗಿರುತ್ತಿತ್ತು. ಇವರು ಜಗಳವನ್ನೇ ಆಡಲಿಲ್ಲ. ಪೇಟೆಬೀದಿಯಲ್ಲಿ ಅಜ್ಜನ ಟೇಲರಿಂಗ್ ಅಂಗಡಿಯಿತ್ತಂತೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅಜ್ಜ ಯಾವಾಗಲೂ ಹೇಳುವ ಮಾತು ಒಂದೇ, ‘ಆರಿಸಿ ಬಾ’. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ ಬಾ ಎಂದು ಅರ್ಥ. ಒಂದು ಸಂಜೆ ಕೊನೆಗೆ ಹೊರಬಿದ್ದವನು ಚಿಕ್ಕಪ್ಪ. ಏನು ಯೋಚಿಸುತ್ತಿದ್ದನೋ, ಆರಿಸಲಿಲ್ಲ. ಇಸ್ತ್ರಿಪೆಟ್ಟಿಗೆಯ ವೈರು ಸವೆದು ಒಳಗಿನ ತಂತಿ ಕಾಣುತ್ತಿತ್ತು. ಅದನ್ನು ಬದಲಾಯಿಸು ಎಂದು ಅಜ್ಜ ಅಪ್ಪನಿಗೆ ಹೇಳಿ ಹೇಳಿ ಸಾಕಾಗಿದ್ದ. ಅಪ್ಪ ನಾಳೆ, ನಾಳೆ ಎನ್ನುತ್ತಿದ್ದ. ಎರಡರಲ್ಲಿ ಒಂದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ, ಎರಡೂ ಸೇರಿ ಅಂಗಡಿ ಬೂದಿಯಾಯಿತು. ಅಜ್ಜ ಯಾರನ್ನೂ ಬಯ್ಯಲಿಲ್ಲ. ಮತ್ತೆ ಕತ್ತರಿಯನ್ನೂ ಮುಟ್ಟಲಿಲ್ಲ. ಅಣ್ಣತಮ್ಮ ಬೂದಿಯ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಷ್ಟೇ. ಇದೆಲ್ಲ ಅಜ್ಜ ಅಮ್ಮನಿಗೆ ಹೇಳಿ, ಅಮ್ಮ ನನಗೆ ಹೇಳಿದ್ದು.

ಅಂದಿನಿಂದ ಅಪ್ಪನ ಕೈಯಲ್ಲಿ ‘ಇಸ್ತ್ರಿ’ ಎಂಬ ಮಾತಿತ್ತು, ಚಿಕ್ಕಪ್ಪನ ಕೈಯಲ್ಲಿ ‘ವೈರು’ ಎಂಬ ಮಾತಿತ್ತು. ಅವನು ಅದನ್ನು ಅಂದರೆ ಇವನು ಇದನ್ನು ಅಂದಾನು ಎಂದು ಇಬ್ಬರೂ ಬಾಯಿ ಹೊಲಿದುಕೊಂಡರು. ನಮ್ಮದು ಟೇಲರ್ ಮನೆ, ಆದರೂ ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಗೆ ‘ಬಿಸಿದು’ ಎನ್ನುತ್ತಿದ್ದೆವು, ವೈರಿಗೆ ‘ಕರೆಂಟಿನ ದಾರ’ ಎನ್ನುತ್ತಿದ್ದೆವು. ನಾನು ಶಾಲೆಯಲ್ಲೂ ಹಾಗೇ ಹೇಳಿ ಇಡೀ ತರಗತಿ ನಕ್ಕಿತ್ತು. ಇನ್ನು ಊಟಕ್ಕೆ ಕೂತಾಗಿನ ವೈಭವ ಕೇಳಬೇಡಿ. ‘ಉಪ್ಪು ಬೇಕಾ ಅಂತ ನಿಮ್ಮ ಚಿಕ್ಕಪ್ಪನ್ನ ಕೇಳು.’ ‘ಬೇಡ ಅಂತ ನಿಮ್ಮಪ್ಪನಿಗೆ ಹೇಳು.’ ಇಬ್ಬರ ನಡುವೆ ಇರುವುದು ಒಂದು ಮೊಳ ಜಾಗ. ಎರಡು ದೇಶಗಳ ನಡುವೆ ಉಪ್ಪಿನ ಡಬ್ಬಿ ಹಿಡಿದು ಓಡಾಡುವ ರಾಯಭಾರಿ ನಾನು. ನನಗೆ ಈ ಕೆಲಸ ತಲೆಚಿಟ್ಟು ಹಿಡಿಸಿತ್ತು.

ಬಟ್ಟೆಯ ವಿಷಯದಲ್ಲಿ ಮಾತ್ರ ಇಬ್ಬರೂ ಸಂಬಂಧ ಬಿಟ್ಟಿರಲಿಲ್ಲ. ಸಣ್ಣವನಿದ್ದಾಗ ಚಿಕ್ಕಪ್ಪ ಹಾಕಿದ್ದೆಲ್ಲ ಅಪ್ಪ ಹಾಕಿ ಬಿಟ್ಟ ಬಟ್ಟೆ, ದೊಡ್ಡವನಾದ ಮೇಲೆ ಹಾಕಿದ್ದೆಲ್ಲ ಅಪ್ಪ ಹೊಲಿದ ಬಟ್ಟೆ. ಆದರೆ ಅಳತೆ ತೆಗೆಯುವಾಗ ‘ಕೈ ಎತ್ತು’, ‘ತಿರುಗು’ ಎನ್ನಲೇಬೇಕಲ್ಲ. ಅದಕ್ಕೆ ಅಪ್ಪ ನನ್ನ ಕೈಯಲ್ಲಿ ಒಂದು ಹಳೆಯ ಅಂಗಿ ತರಿಸಿಕೊಂಡು ಅದರ ಮೇಲೆಯೇ ಹೊಸದನ್ನು ಕತ್ತರಿಸುತ್ತಿದ್ದ. ಚಿಕ್ಕಪ್ಪ ವರ್ಷ ವರ್ಷ ಸೊರಗುತ್ತ ಬಂದ. ಅಂಗಿಗಳು ಮಾತ್ರ ಹಿಂದಿನ ಚಿಕ್ಕಪ್ಪನ ಅಳತೆಯಲ್ಲೇ ಉಳಿದು, ಅವನು ಬೀದಿಯಲ್ಲಿ ನಡೆದು ಬಂದರೆ ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗವಿರುತ್ತಿತ್ತು.

ಹೀಗಿರುವಾಗ ಅಪ್ಪನ ಗಂಟಲಿನಲ್ಲಿ ಗಂಟು ಕಾಣಿಸಿತು. ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಏನೂ ಆಗುವುದಿಲ್ಲ, ಮಾತು ಮಾತ್ರ ಹೋಗುತ್ತದೆ ಎಂದರು. ಮುಂದಿನ ವಾರ ಆಪರೇಷನ್ ಎಂದು ಗೊತ್ತಾಯಿತು. ಅಪ್ಪ ಆಗಲೇ ಅಭ್ಯಾಸ ಶುರುಮಾಡಿದ. ಕಪ್ಪು ಬಟ್ಟೆಯ ತುಂಡಿನ ಮೇಲೆ ಅಳತೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ‘ನೀರು’, ‘ಫ್ಯಾನ್’ ಎಂದು ಬರೆದು ಎತ್ತಿ ತೋರಿಸುವನು. ಅಮ್ಮ ಓದಿ ನಗುವಳು, ಅಡುಗೆಮನೆಗೆ ಹೋಗಿ ಅಳುವಳು. ನನಗೆ ಒಂದೇ ಯೋಚನೆ. ಆ ಧ್ವನಿ ಹೋಗುವುದರೊಳಗೆ ಅಪ್ಪ ತನ್ನ ತಮ್ಮನಿಗೆ ಒಂದು ಮಾತು ನೇರವಾಗಿ ಆಡಬೇಕು. ‘ಉಪ್ಪು ಬೇಕಾ’ ಎಂದಾದರೂ ಸರಿ.

ಅದೇ ವಾರ ಗ್ರಂಥಾಲಯದ ಮೇಡಂ ಎರಡು ಪುಸ್ತಕ ತಂದು ಚಿಕ್ಕಪ್ಪನ ಮೇಜಿನ ಮೇಲಿಟ್ಟರು. ಒಂದು, ಜಗಳವಾಡಿದ ದೇಶಗಳಲ್ಲಿ ಶಾಂತಿ ಕಟ್ಟುವ ಬಗೆಯನ್ನು ಕುರಿತದ್ದು. ಇನ್ನೊಂದು, ಅಣ್ವಸ್ತ್ರ ನೀತಿಯನ್ನು ಕುರಿತದ್ದು. ಎರಡೂ ವಿದ್ವಾಂಸರು ಬರೆದ ದಪ್ಪ ಪುಸ್ತಕ, ಎರಡರ ಬೆನ್ನೂ ಕಿತ್ತುಹೋಗಿತ್ತು.

“ನೋಡಿ, ಆ ಕಪಾಟಿನಲ್ಲಿ ಒಂದಕ್ಕೇ ಜಾಗ ಇರೋದು. ಇನ್ನೊಂದನ್ನ ವಿಲೇವಾರಿ ಮಾಡೋದೇ. ಕಮಿಟಿಯವರು ತೀರ್ಮಾನ ಮಾಡೋ ಹೊತ್ತಿಗೆ ಎರಡೂ ಗೆದ್ದಲಿಗೆ ಹೋಗುತ್ತೆ. ನೀವೇ ಒಂದನ್ನ ಆರಿಸಿ,” ಎಂದರು ಮೇಡಂ.

ಚಿಕ್ಕಪ್ಪ ಬೆಚ್ಚಿದ್ದನ್ನು ನಾನು ನೋಡಿದೆ. ಆರಿಸಿ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅವನು ಹಾಗೆಯೇ. ತಕ್ಷಣ ಎದ್ದು ಅಂಟಿನ ಒಲೆಯ ಸ್ವಿಚ್ ಮುಟ್ಟಿ ನೋಡಿ ಬಂದ. ಆಯ್ಕೆ ಮಾಡಿ ಎಂಬ ಅರ್ಥದ ಆರಿಸಿ ಇದು ಎಂದು ಅವನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಶುರುವಾಯಿತು ಓದು. ಎರಡೂ ಪುಸ್ತಕಗಳ ಮಡಿಕೆಗಳು ಒಂದೇ ಮೇಜಿನ ಮೇಲೆ. ಚಿಕ್ಕಪ್ಪ ಇದರಲ್ಲಿ ಹದಿನಾರು ಪುಟ, ಅದರಲ್ಲಿ ಹದಿನಾರು ಪುಟ ಓದುವನು. ನಾನು ಚಹಾ ಹಿಡಿದು ಹೋದರೆ ಬಿಸಿಲಿನ ಧೂಳು ನೋಡುತ್ತ ಕೂತಿರುವನು.

“ಇದು ಏನು ಹೇಳುತ್ತೆ ಗೊತ್ತಾ ಮಗಳೇ? ಇಬ್ಬರ ಹತ್ರಾನೂ ಬಾಂಬ್ ಇದ್ರೆ ಇಬ್ಬರೂ ಹಾಕಲ್ಲ ಅಂತೆ. ಹೆದರಿಕೆಯೇ ಕಾವಲು ಅಂತೆ.”

“ಅದು ಏನು ಹೇಳುತ್ತೆ?”

“ಅದು ಬೇರೆ ರಾಗ. ಹೊಡೆದಾಟ ನಿಂತ ಮಾತ್ರಕ್ಕೆ ಶಾಂತಿ ಅಲ್ಲ ಅನ್ನುತ್ತೆ. ಯಾರಾದ್ರೂ ಒಬ್ಬರು ತಮ್ಮ ಕಡೆಯ ತಪ್ಪನ್ನ ತಾವೇ ಮೊದಲು ಹೇಳ್ಬೇಕಂತೆ. ಆಮೇಲೆ ಇಬ್ಬರೂ ಸೇರಿ ಏನಾದ್ರೂ ಸಣ್ಣ ಕೆಲಸ ಮಾಡ್ಬೇಕಂತೆ. ಸೇತುವೆ ರಿಪೇರಿ ಮಾಡೋದು, ಬಾವಿಯ ಹೂಳು ತೆಗೆಯೋದು, ಹೀಗೆ.”

“ಸರಿಯಾಗೇ ಇದೆಯಲ್ಲ. ಅದನ್ನೇ ಕಟ್ಟು.”

“ಮೊದಲು ಕೆಳಗಿಟ್ಟವನು ಬರಿಗೈಲಿ ನಿಲ್ಬೇಕಾಗುತ್ತೆ ಕಣೇ. ಆಮೇಲೆ ಎದುರಿನವನು ಹಾಕಿಬಿಟ್ರೆ?”

“ಚಿಕ್ಕಪ್ಪ, ನೀನು ಬಾಂಬಿನ ಬಗ್ಗೆ ಹೇಳ್ತಿದೀಯೋ, ನಮ್ಮಪ್ಪನ ಬಗ್ಗೆಯೋ?”

ಅವನು ಮತ್ತೆ ಧೂಳು ನೋಡುತ್ತ ಕೂತ. ಚಹಾ ಆರಿಹೋಯಿತು. ಎಷ್ಟೋ ಹೊತ್ತಿನ ಮೇಲೆ, ಈಚೆಗೆ ತನಗೆ ಬೀಳುವ ಕನಸನ್ನು ಹೇಳಿದ. ಒಂದು ದೊಡ್ಡ ಗೋದಾಮು. ಗೋಡೆ ಉದ್ದಕ್ಕೂ ಕಪಾಟುಗಳು, ಕಪಾಟಿನ ತುಂಬ ‘ಬಿಸಿದು’ಗಳು, ಎಲ್ಲದರ ಕೆಂಪು ದೀಪವೂ ಉರಿಯುತ್ತಿದೆ. ಇವನು ಈ ತುದಿಯಿಂದ ಒಂದೊಂದೇ ಆರಿಸುತ್ತ ಹೊರಡುತ್ತಾನೆ. ತುಂಬ ದೂರ ಹೋದ ಮೇಲೆ ನೋಡಿದರೆ ಆ ತುದಿಯಿಂದಲೂ ದೀಪಗಳು ಒಂದೊಂದಾಗಿ ಆರುತ್ತ ಬರುತ್ತಿವೆ. ಅಲ್ಲಿ ಯಾರೋ ಇದ್ದಾರೆ. ನಡಿಗೆ ನೋಡಿದರೆ ಯಾರೆಂದು ಗೊತ್ತಾಗುತ್ತದೆ. ಇನ್ನೇನು ನಡುವೆ ಎದುರಾಗಬೇಕು, ಅಷ್ಟರಲ್ಲಿ ಎಚ್ಚರವಾಗುತ್ತದೆ.

“ಎಚ್ಚರ ಆದ ಮೇಲೆ ಕೆಳಗೆ ನಿಮ್ಮಪ್ಪ ಕೆಮ್ಮೋದು ಕೇಳಿಸುತ್ತೆ,” ಎಂದ.

“ಹಾಗಿದ್ರೆ ಇಳಿದು ಬಂದು ಮಾತಾಡಬಾರದಾ? ಎಲ್ಲಾ ಸೇರಿ ಹನ್ನೆರಡು ಮೆಟ್ಟಿಲು.”

“ಇಷ್ಟು ವರ್ಷ ನಮ್ಮನೇಲಿ ಒಂದು ಜಗಳ ಆಗಿದೆಯಾ ಹೇಳು. ಈಗ ಯಾಕೆ ಕೆದಕೋದು?”

“ಮುಂದಿನ ವಾರ ಆದ್ಮೇಲೆ ನೀನು ಕೆದಕಿದ್ರೂ ಅಪ್ಪನಿಗೆ ಮಾತೇ ಇರಲ್ಲ,” ಎಂದುಬಿಟ್ಟೆ. ಚಿಕ್ಕಪ್ಪನ ಮುಖ ಬಾಡಿತು. ಆದರೂ ಅವನ ಕೈ ಶಾಂತಿಯ ಪುಸ್ತಕದ ಮಡಿಕೆಗಳನ್ನು ಒಟ್ಟುಮಾಡಿ ದಾರ ಸುತ್ತಿ ಪಕ್ಕಕ್ಕಿಟ್ಟಿತು. ಹೊಲಿಗೆಯ ಚೌಕಟ್ಟಿಗೆ ಏರಿದ್ದು ಅಣ್ವಸ್ತ್ರ ನೀತಿ. ನನಗೆ ಸಿಟ್ಟು ನೆತ್ತಿಗೇರಿತು. ಲೋಟ ಎತ್ತಿಕೊಂಡು ಎದ್ದು ಬಂದೆ.

ಮರುದಿನ ರಾಯಭಾರಿಗೆ ಕರೆ ಬಂತು. ಬೆನ್ನಿಗೆ ಬಟ್ಟೆ ಬೇಕು ಎಂದು ಅಪ್ಪನಿಗೆ ಹೇಳಬೇಕಂತೆ. ಹೇಳಿದೆ. ಅಪ್ಪ ಚಿಕ್ಕಪ್ಪನ ಆ ವರ್ಷದ ಅಂಗಿಗೆಂದು ತೆಗೆದಿಟ್ಟಿದ್ದ ಕಡುನೀಲಿ ಬಟ್ಟೆಯ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ ಕೊಟ್ಟ. ಯಾವ ಪುಸ್ತಕಕ್ಕೆ ಎಂದು ಕೇಳಲಿಲ್ಲ. ಗಂಟಲು ಉಳಿಸಿಕೊಳ್ಳುತ್ತಿದ್ದ.

ಬೆನ್ನಿನ ಮೇಲೆ ಹೆಸರು ಒತ್ತುವುದು ಕೊನೆಯ ಕೆಲಸ. ಹಿತ್ತಾಳೆಯ ಅಚ್ಚಕ್ಷರಗಳನ್ನು ಒಂದೊಂದಾಗಿ ಆಯ್ದು ಹಿಡಿಕೆಯಲ್ಲಿ ಸಾಲಾಗಿ ಕೂರಿಸಿ, ಬಿಸಿಮಾಡಿ, ಚಿನ್ನದ ಬಣ್ಣದ ಹಾಳೆಯಿಟ್ಟು ಒತ್ತಬೇಕು. ಅಕ್ಷರಗಳು ತಿರುವುಮುರುವಾಗಿ ಇರುತ್ತವೆ. ಒಮ್ಮೆ ಒತ್ತಿದರೆ ಮುಗಿಯಿತು, ಅಳಿಸಲು ಬರುವುದಿಲ್ಲ. ಚಿಕ್ಕಪ್ಪ ಒತ್ತಿದ, ಸ್ವಿಚ್ ಆರಿಸಿದ, ಆರಿಸಿದೆನೇ ಎಂದು ಇನ್ನೊಮ್ಮೆ ನೋಡಿದ. ಆಮೇಲೆ ಪುಸ್ತಕವನ್ನು ಬಿಸಿಲಿಗೆ ಹಿಡಿದು ತಾನೇ ಮೆಚ್ಚಿ ಮೇಡಂ ಮೇಜಿನ ಮೇಲಿಟ್ಟು ಬಂದ.

ಸ್ವಲ್ಪ ಹೊತ್ತಿಗೆ ಮೇಡಂ ಕೌಂಟರಿಗೆ ಬಂದು ನನ್ನ ಮುಂದೆ ಪುಸ್ತಕದ ಬೆನ್ನು ಹಿಡಿದರು. ಕಡುನೀಲಿಯ ಮೇಲೆ ಚಿನ್ನದ ಅಕ್ಷರ ಮಿರಮಿರ ಮಿಂಚುತ್ತಿತ್ತು.

ಅಣ್ಣವಸ್ತ್ರ ನೀತಿ.

ಣಕ್ಕೆ ವ ಒತ್ತು ಕೊಡಬೇಕಾದಲ್ಲಿ ಣ ಒತ್ತನ್ನೇ ಕೊಟ್ಟು, ವಕಾರವನ್ನು ಪಕ್ಕದಲ್ಲಿ ಕೂರಿಸಿಬಿಟ್ಟಿದ್ದ. ಅಷ್ಟು ಅಕ್ಷರಗಳ ಪೆಟ್ಟಿಗೆಯಲ್ಲಿ ಅವನ ಕೈ ತಾನಾಗಿ ಹುಡುಕಿಕೊಂಡು ಹೋದದ್ದು ಅಣ್ಣನನ್ನು.

“ಏನಮ್ಮ ಇದು, ಅಣ್ಣನ ಬಟ್ಟೆಗೂ ಒಂದು ನೀತಿ ಇದೆಯಾ?” ಎಂದು ಮೇಡಂ ಬಯ್ಯಲು ಹೊರಟು ನಕ್ಕುಬಿಟ್ಟರು. “ಇದನ್ನ ಕಪಾಟಿನಲ್ಲಿ ಇಟ್ರೆ ಹೊಲಿಗೆ ಕಲಿಯೋರು ಕೇಳ್ಕೊಂಡು ಬರ್ತಾರೆ. ಆ ಇನ್ನೊಂದನ್ನೇ ಕಟ್ಟಿ ಕೊಡೋಕೆ ಹೇಳು. ಇದನ್ನ ವಿಲೇವಾರಿ ಅಂತ ಬರೆದುಬಿಡ್ತೀನಿ, ಬೇಕಾದ್ರೆ ಮನೆಗೆ ತಗೊಂಡು ಹೋಗಲಿ.”

ಹೀಗೆ ಶಾಂತಿ ಕಪಾಟಿಗೆ ಹೋಯಿತು, ಅಣ್ವಸ್ತ್ರ ನಮ್ಮ ಮನೆಗೆ ಬಂತು. ಚಿಕ್ಕಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲು ಆಗಲಿಲ್ಲ. ಪುಸ್ತಕವನ್ನು ಚೀಲದ ತಳದಲ್ಲಿ ಹಾಕಿ ಮೇಲೆ ಟವೆಲ್ ಮುಚ್ಚಿದ. ಮನೆಗೆ ಬಂದು ಅವನು ಕೈಕಾಲು ತೊಳೆಯಲು ಹೋದಾಗ ನಾನು ಅದನ್ನು ಎತ್ತಿಕೊಂಡು ಹೋಗಿ ಅಪ್ಪನ ಕತ್ತರಿಸುವ ಮೇಜಿನ ಮೇಲಿಟ್ಟೆ. ಕದ್ದೆ ಎಂದರೂ ತಪ್ಪಿಲ್ಲ, ನನಗೆ ಪಶ್ಚಾತ್ತಾಪವೇನೂ ಇಲ್ಲ.

ಸಂಜೆಯ ಹಳದಿ ಬೆಳಕು ಅಂಗಡಿಯೊಳಗೆ ಬಂದಿತ್ತು. ಮೇಜಿನ ಮೇಲೆ ಅದೇ ಕಡುನೀಲಿ ಬಟ್ಟೆ ಹರಡಿತ್ತು, ಪಕ್ಕದಲ್ಲಿ ಅಳತೆಗೆ ತರಿಸಿಕೊಂಡ ಹಳೆಯ ಅಂಗಿ. ಅಪ್ಪ ಮೊದಲು ಪುಸ್ತಕದ ಬೆನ್ನಿನ ಬಟ್ಟೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಆಮೇಲೆ ಕನ್ನಡಕ ಏರಿಸಿ ಓದಿದ, ಗೊಗ್ಗರು ಧ್ವನಿಯಲ್ಲಿ, ಗಟ್ಟಿಯಾಗಿ.

“ಅಣ್ಣ... ವಸ್ತ್ರ... ನೀತಿ.”

ಆಮೇಲೆ ನಗತೊಡಗಿದ. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು, ಕಣ್ಣಲ್ಲಿ ನೀರು ಬಂತು. ಅಮ್ಮ ನೀರಿನ ಲೋಟ ಹಿಡಿದು ಓಡಿ ಬಂದಳು. ಅಪ್ಪ ಅದನ್ನು ಕೈಯಿಂದ ಸರಿಸಿ, ಮೆಟ್ಟಿಲ ಬುಡಕ್ಕೆ ಹೋಗಿ ನಿಂತು, ಕೂಗಬಾರದೆಂದು ಡಾಕ್ಟರು ಹೇಳಿದ್ದರೂ ಇದ್ದಷ್ಟೂ ಗಂಟಲು ತೆಗೆದು ಕೂಗಿದ.

“ಲೋ, ಇಳಿದು ಬಾರೋ.”

ಮೇಲೆ ಏನೋ ಬಿದ್ದ ಸದ್ದಾಯಿತು. ಚಿಕ್ಕಪ್ಪ ಒದ್ದೆ ಮುಖದಲ್ಲೇ ಇಳಿದು ಬಂದ. ಬರುವಾಗ ಒಂದೊಂದು ಮೆಟ್ಟಿಲಲ್ಲೂ ನಿಂತ. ಮೇಜಿನ ಮೇಲೆ ಪುಸ್ತಕ ಕಂಡು ನನ್ನ ಕಡೆ ನೋಡಿದ, ನಾನು ಗೋಡೆ ನೋಡಿದೆ. ಅಪ್ಪ ಕತ್ತಿನಿಂದ ಟೇಪು ತೆಗೆದ.

“ಕೈ ಎತ್ತು.”

ಚಿಕ್ಕಪ್ಪ ಎರಡೂ ಕೈ ಎತ್ತಿದ. ಶರಣಾದವನು ಎತ್ತುವಷ್ಟು ಎತ್ತರಕ್ಕೆ ಎತ್ತಿಬಿಟ್ಟ. ಅಪ್ಪ ಅವನ ಎದೆಯ ಸುತ್ತ ಟೇಪು ಹಾಕಿ ಎಳೆದ, ಟೇಪು ಬರುತ್ತಲೇ ಇತ್ತು. ಅಂಗಿ ಎಲ್ಲೋ ಇತ್ತು, ಚಿಕ್ಕಪ್ಪ ಎಲ್ಲೋ ಒಳಗಿದ್ದ. ಅಪ್ಪನ ಕೈ ನಿಂತಿತು.

“ಇಷ್ಟು ಸೊರಗಿದೀಯ. ನಾನು ನೋಡೇ ಇಲ್ಲ.”

ಚಿಕ್ಕಪ್ಪ ಎತ್ತಿದ ಕೈ ಇಳಿಸಲಿಲ್ಲ.

“ತಿರುಗು,” ಎಂದ ಅಪ್ಪ. ಚಿಕ್ಕಪ್ಪ ಬೆನ್ನು ತಿರುಗಿಸಿ ನಿಂತ ಮೇಲೆ, ಹೆಗಲಿನಿಂದ ಹೆಗಲಿಗೆ ಟೇಪು ಹಿಡಿದು, ಆ ಬೆನ್ನಿಗೇ ಹೇಳಿದ. “ವೈರು ನಾನು ಬದಲಾಯಿಸ್ಬೇಕಿತ್ತು ಕಣೋ. ಅಪ್ಪ ಎಷ್ಟು ಸಲ ಹೇಳಿದ್ದ.”

ನಮ್ಮ ಮನೆಯಲ್ಲಿ ‘ವೈರು’ ಎಂಬ ಮಾತು ಕೇಳಿದ್ದು ಅದೇ ಮೊದಲು. ಅಮ್ಮ ಲೋಟ ಹಿಡಿದವಳು ಹಿಡಿದ ಹಾಗೆಯೇ ನಿಂತಳು. ತಮ್ಮನ ಕೈಯಲ್ಲಿದ್ದ ಅಸ್ತ್ರವನ್ನು ಅಣ್ಣ ತಾನೇ ಎತ್ತಿ ತನ್ನ ಮೇಲೆ ಹಾಕಿಕೊಂಡಿದ್ದ. ಅಣ್ವಸ್ತ್ರದ ಪುಸ್ತಕದ ಯಾವ ಮಡಿಕೆಯಲ್ಲೂ ಚಿಕ್ಕಪ್ಪ ಇದನ್ನು ಓದಿರಲಿಲ್ಲ.

“ನಾನು ಆರಿಸ್ಲಿಲ್ಲ ಅಣ್ಣ,” ಎಂದ ಚಿಕ್ಕಪ್ಪ. ಇನ್ನೂ ಬೆನ್ನು ತಿರುಗಿಸಿಕೊಂಡೇ ಇದ್ದ. “ಬಾಗಿಲು ಹಾಕೋವಾಗ ಆಕಾಶ ನೋಡ್ತಾ ಇದ್ದೆ. ಇಸ್ತ್ರಿ ಆರಿಸ್ಲೇ ಇಲ್ಲ.” ಆಮೇಲೆ ಅವನು ಅತ್ತ, ಮಕ್ಕಳು ಅಳುವ ಹಾಗೆ, ಮೂಗು ಒರೆಸಿಕೊಳ್ಳದೆ. ಅಪ್ಪ ಅವನನ್ನು ಸಮಾಧಾನ ಮಾಡಲಿಲ್ಲ. “ತೋಳು ನೀಡು, ಅಳತೆ ತಪ್ಪುತ್ತೆ,” ಎಂದ.

ಆ ಅಂಗಿಯನ್ನು ಇಬ್ಬರೂ ಸೇರಿ ಹೊಲಿದರು. ಅಪ್ಪ ಯಂತ್ರ ತುಳಿದ, ಚಿಕ್ಕಪ್ಪ ಗುಂಡಿ ಹಾಕಿದ, ಪುಸ್ತಕದ ಹೊಲಿಗೆಯಷ್ಟು ಬಿಗಿಯಾಗಿ. ಇಬ್ಬರೂ ಹೆಚ್ಚೇನೂ ಮಾತಾಡಲಿಲ್ಲ. ದಾರ ಕೊಡು, ಕತ್ತರಿ ಎಲ್ಲಿ, ಇಷ್ಟೇ. ಊಟದ ಹೊತ್ತಿಗೆ ಉಪ್ಪಿನ ಡಬ್ಬಿ ನೇರವಾಗಿ ಈ ಕೈಯಿಂದ ಆ ಕೈಗೆ ಹೋಯಿತು. ನನ್ನ ರಾಯಭಾರಿ ಕೆಲಸ ಹೋಯಿತೆಂದು ನಾನು ಅಮ್ಮನ ಹತ್ತಿರ ದೂರಿಕೊಂಡೆ.

ಈಗ ಅಪ್ಪ ಸೀಮೆಸುಣ್ಣದಲ್ಲಿ ಮಾತಾಡುತ್ತಾನೆ. ಕಪ್ಪು ಬಟ್ಟೆಯ ಮೇಲೆ ಅವನು ಬರೆಯುವುದನ್ನು ಚಿಕ್ಕಪ್ಪ ನಡುವಿನಿಂದ ಓದಿ ಏನೋ ಅರ್ಥ ಮಾಡಿಕೊಳ್ಳುತ್ತಾನೆ, ಅಪ್ಪ ಬಟ್ಟೆಯನ್ನೇ ಎತ್ತಿ ಅವನ ತಲೆಗೆ ಹೊಡೆಯುತ್ತಾನೆ. ಅಣ್ಣವಸ್ತ್ರ ನೀತಿ ಅಂಗಡಿಯಲ್ಲಿ ದಾರದ ಉಂಡೆಗಳ ಪಕ್ಕದಲ್ಲಿದೆ. ಅಳತೆ ಕೊಡಲು ಬಂದವರು ಕೈಗೆತ್ತಿಕೊಂಡು ನೋಡಿ, ಒಳಗಿರುವುದೇ ಬೇರೆಯಾಗಿದೆಯಲ್ಲ ಎಂದು ತಬ್ಬಿಬ್ಬಾಗುತ್ತಾರೆ. ಒಮ್ಮೊಮ್ಮೆ ಮಧ್ಯಾಹ್ನದ ಮಂಪರಿನಲ್ಲಿ ನನಗೆ ಅಪ್ಪನ ಧ್ವನಿ ಕೇಳಿಸುತ್ತದೆ. ಆಪರೇಷನ್ ದಿನದ ಬೆಳಿಗ್ಗೆ ಕೇಳಿದ ಹಾಗೆಯೇ ಕೇಳಿಸುತ್ತದೆ.

ಅಪ್ಪನನ್ನು ಗಾಲಿಮಂಚದ ಮೇಲೆ ಮಲಗಿಸಿ ಆಸ್ಪತ್ರೆಯ ಉದ್ದದ ಓಣಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು. ನಾವು ಪಕ್ಕದಲ್ಲಿ ನಡೆಯುತ್ತಿದ್ದೆವು. ಚಿಕ್ಕಪ್ಪ ಹೊಸ ನೀಲಿ ಅಂಗಿ ಹಾಕಿದ್ದ. ನಮಗೆ ತಿಳಿದ ಮಟ್ಟಿಗೆ ಅವನ ಮೈಗೆ ಸರಿಯಾಗಿ ಕೂತ ಮೊದಲ ಅಂಗಿ. ಬೆಳಿಗ್ಗೆ ತಾನೇ ‘ಬಿಸಿದು’ ಹಿಡಿದು ಅದರ ಗೆರೆ ತೀಡಿಕೊಂಡು ಬಂದಿದ್ದ. ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಅಪ್ಪ ಕೈ ಎತ್ತಿ ಮಂಚ ನಿಲ್ಲಿಸಿದ. ಅಂಗಿಯ ಕಾಲರಿನಿಂದ ಅಂಚಿನವರೆಗೆ ಒಂದು ಸಲ ಕಣ್ಣಾಡಿಸಿದ. ನರ್ಸ್ ಹೊತ್ತಾಯಿತು ಎಂದಳು. ಅಪ್ಪ ತಮ್ಮನನ್ನು ಬೆರಳಿನಿಂದ ಹತ್ತಿರ ಕರೆದ. ಉಳಿದಿದ್ದ ಧ್ವನಿಯನ್ನೆಲ್ಲ ಕೂಡಿಸಿಕೊಂಡು ಕೇಳಿದ.

“ಇಸ್ತ್ರಿ ಆರಿಸಿ ಬಂದೆಯೇನೋ?”

“ಆರಿಸಿದೀನಿ ಅಣ್ಣ,” ಎಂದ ಚಿಕ್ಕಪ್ಪ. “ಎರಡು ಸಲ ನೋಡಿ ಬಂದೆ.”